ಕಾಸ್ಮಿಜನ್‌ನ ಕೊನೆಯ ಪೆಟ್ಟು

ಕಟಾವು ಮುಗಿದು, ಜಾವಾದ ನಮ್ಮ ಹಳ್ಳಿಯ ಅಂಗಳಗಳಲ್ಲಿ ಭತ್ತ ಒಣಗುತ್ತಿತ್ತು. ಭತ್ತ ಹರವುತ್ತಿದ್ದ ನನ್ನ ಬಳಿಗೆ ವಾಗಿಯೆಮ್ ಅಕ್ಕ ಒಂದು ರೆಕಾರ್ಡಿಂಗ್ ತಂದಳು. ಅವಳ ಗಂಡ ಕಾಸ್ಮಿಜನ್ ತೊಗಲುಗೊಂಬೆ ಆಟದಲ್ಲಿ ಜಾಗಟೆ ಬಾರಿಸುತ್ತಲೇ ಸತ್ತಿದ್ದ. ಕೊನೆಯ ಪೆಟ್ಟು ಹಾಕದೆ ಆಟ ಕೆಡಿಸಿದನೆಂದು ಮೇಳದವರು ದೂರುತ್ತಿದ್ದರು. ಆ ಆಟದ ರೆಕಾರ್ಡಿಂಗ್‌ನಲ್ಲಿ ಪೆಟ್ಟು ಇದೆಯೇ ಎಂದು ಅವಳು ಕೇಳಿ ನೋಡಬೇಕಿತ್ತು.

“ನಿನ್ ಡಬ್ಬಿಗೆ ಗಂಟ್ಲು ಕಟ್ಟಿದ್ಯೇನೋ ತಮ್ಮಾ? ಜಾಗಟೇನೇ ಕೇಳ್ತಿಲ್ಲ!” ಎಂದಳು ಅಕ್ಕ, ಅಂಗಳಕ್ಕೆ ಕಂಪ್ಯೂಟರ್ ತಂದು ನಾನು ಅದನ್ನು ಹಾಕಿದಾಗ.

ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ದನಿ ಹೊಂದಿಸುವ ಈಕ್ವಲೈಜರ್ ತೆರೆದು ಬೇಸ್, ಅಂದರೆ ತಗ್ಗಿನ ದನಿ, ಏರಿಸಿದೆ. ಹಾಡಿನ ಹಿಂದೆ ಅಡಗಿದ್ದ ಜಾಗಟೆ ಮುಂದೆ ಬಂತು. ಹಾಡು ನಿಂತು ಎಷ್ಟೋ ಹೊತ್ತಿನ ಮೇಲೆ ಒಂದೇ ಒಂದು ಪೆಟ್ಟು ಬಿತ್ತು. ಬಿಸಿಲಿಗೆ ಕಾದ ನೆಲ ಅಂಗಾಲಿಗೆ ತಣ್ಣಗೆ ತಾಗಿತು.

“ಯಾವತ್ತೂ ತಡಾನೇ, ಸೋಮಾರಿ! ಬಾರ್ಸಿದಾನೆ ನೋಡು. ಋಣ ತೀರ್ತು,” ಎಂದು ಅಕ್ಕ ಕಣ್ಣೊರೆಸಿಕೊಂಡು ಎದ್ದಳು.

ಆ ಪೆಟ್ಟಿನ ತುಣುಕನ್ನು ಬೇರೆ ಮಾಡಲು ಹೊರಟೆ. ಕಂಪ್ಯೂಟರಿನ ತೆರೆಯ ಮೇಲೆ, ಹಾಡು ನಿಂತಲ್ಲಿಂದ ಕೊನೆಯವರೆಗೂ ದನಿಯ ಗೆರೆ ಒಂದು ಏರಿಳಿತವೂ ಇಲ್ಲದೆ ನೆಟ್ಟಗೆ ಮಲಗಿತ್ತು. ಬೇಸ್ ಎಷ್ಟು ಏರಿಸಿದರೂ ಇಲ್ಲದ ಸದ್ದು ಹುಟ್ಟುವುದಿಲ್ಲ.

ಅಕ್ಕ ಆಗಲೇ ಆ ಪೆಟ್ಟು ಕೇಳಿಸಲು ಮೇಳದವರನ್ನು ಕರೆತರಲು ಹೋಗಿದ್ದಳು.