ನೆಲ ನಡುಗಿದ ನಸುಕು

ಅಳುವಾಗಲೂ ನನ್ನ ಗಂಟಲಿನಿಂದ ದನಿ ಹೊರಡುವುದಿಲ್ಲವಲ್ಲ... ಇದೆಂಥ ರೋಗ? ಪ್ರಾಜಕ್ತಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಬಿ.ಎ. ಮುಗಿಸಿದ್ದರೂ ನಾಲ್ಕು ಜನರೆದುರು ಹೆಸರು ಹೇಳಲು ತಡವರಿಸುವ ಹುಡುಗಿ.

ಋಷಿಕೇಶನೆದುರು ಮಾತ್ರ ಮೊದಲ ದಿನವೇ ಮಾತು ಬಂದಿತ್ತು.

ಆತ ಉದಗೀರದವನು; ಪುಣೆಯಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗ್ ಕಲಿಸುವ ಪ್ರಾಧ್ಯಾಪಕ. ಹಿಂದೊಮ್ಮೆ ಊರುಗಳನ್ನೇ ಕೆಡವಿದ್ದ ಭೂಕಂಪದಲ್ಲಿ ಆಳದ ಬಂಡೆ ಹೇಗೆ ಸೀಳಿತೆಂದು ತಿಳಿಯಲು ಆಕೆಯ ಊರು ಮಾಕಣಿಯ ಹೊರಗೆ ನೆಲ ಕೊರೆಸುತ್ತಿದ್ದ. ಮೇಲೆ ಬಂದ ಕರಿಕಲ್ಲನ್ನು ಒರೆಸುತ್ತಿದ್ದವನ ಹಿಂದೆ ನಿಂತು ಕೇಳಿದ್ದಳು.

“ನಮ್ಮವ್ವನ ಮ್ಯಾಲ ಬಿದ್ದದ್ದು ಇಂಥಾದೇ ಕಲ್ಲೇನ್ರಿ, ಸರ್?”

ಆತ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟ. “ಹೌದ್ರಿ.”

ಸಮಾಧಾನದ ಮಾತು ಒಂದೂ ಆಡಲಿಲ್ಲ. ಅದಕ್ಕೇ ಆಕೆಗೆ ಹಿಡಿಸಿದ.

ಆಮೇಲೆ ಹಾಲು ಕೊಡುವ ನೆಪದಲ್ಲಿ ನಸುಕಿಗೇ ಹೋಗುತ್ತಿದ್ದಳು. ಯಂತ್ರ ಸುರುವಾಗುವ ತನಕ ಇಬ್ಬರೂ ಕೊರೆದು ತೆಗೆದ ಕಲ್ಲು ತುಂಬಿದ್ದ ಪೆಟ್ಟಿಗೆಗಳ ಮೇಲೆ ಕೂರುತ್ತಿದ್ದರು. ಅಂಥದೊಂದು ನಸುಕಿನಲ್ಲೇ ನೆಲ ಮತ್ತೆ ನಡುಗಿತು. ಆಕೆ ಆತನ ತೋಳು ಹಿಡಿದಳು...

ಊರು ಸಿಟ್ಟಿಗೆದ್ದಿತು. ಋಷಿಕೇಶನನ್ನು ಕರೆಸಿ ಗಂಡಸರು, ಹೆಂಗಸರು ಎಲ್ಲ ಸಭೆ ಸೇರಿದರು.

“ಎಣ್ಣಿ ಮಾಸ್ತರ ಅದಾನಂವಾ. ಕಲ್ಲು ಬರೇ ನೆವ. ಎಣ್ಣಿ ಹೀರಿದ್ರ ನೆಲಾ ಟೊಳ್ಳಾಗಿ ನಡಗದಾ ಇರ್ತದೇನು?” ಎಂದ ಮಾಣಿಕಪ್ಪ. ಪ್ರಾಜಕ್ತಾಳನ್ನು ಸಾಕಿದ ಕಾಕಾ, ಲೋಹಾರಾದಲ್ಲಿ ಕಾಳಿನ ವ್ಯಾಪಾರಿ.

“ನಡುಗಿದಾಗ ಮಶೀನ್ ಬಂದ್ ಇತ್ರಿ,” ಎಂದ ಋಷಿಕೇಶ.

“ನೋಡಿದವ್ರು ಯಾರ?”

ಋಷಿಕೇಶ ತಲೆ ತಗ್ಗಿಸಿದ. ಹೆಂಗಸರ ಕಡೆ ಕಣ್ಣನ್ನೂ ಹಾಯಿಸಲಿಲ್ಲ.

ನನ್ನ ಹೆಸರು ಹೇಳಲು ಇವರಿಗೆ ನಾಚಿಕೆ... ಹೆಂಗಸರ ನಡುವೆ ಕೂತಿದ್ದ ಪ್ರಾಜಕ್ತಾ ಅಂದುಕೊಂಡಳು. ಬಾಯಿ ತೆರೆಯಲಿಲ್ಲ.

ಕೊರೆಯುವುದು ನಿಂತಿತು. ಕೆಲಸಗಾರರಿಗೆ ಅಡುಗೆ ಮಾಡುತ್ತಿದ್ದ ಗುರಮ್ಮ ದಾರಿಯಲ್ಲಿ ಸಿಕ್ಕು ಬೈದಳು.

“ನಿನ್ನ ಹೆಸರು ಹೇಳಿದ್ರ ನಿಲಂಗಾದಾಗ ಗೊತ್ತಾದ ನಿನ್ನ ಲಗ್ನದ ಸೋಯರಿಕಿ ಮುರೀತಿತ್ತಂತ ಮಾತು ನುಂಗ್ಯಾನ ಆ ಹುಚ್ಚ. ನೀನೂ ನುಂಗಿದಿ. ಛಲೋ ಜೋಡಿ ನೋಡವಾ ನಿಮ್ದು.”

ಪ್ರಾಜಕ್ತಾ ಕೊರೆಯುವ ಜಾಗಕ್ಕೆ ಓಡಿದಳು.

ತಡವಾಗಿತ್ತು. ಕೊರೆದ ಕುಳಿಯ ಬಾಯಿಗೆ ಸಿಮೆಂಟು ಬಿದ್ದು ಗಟ್ಟಿಯಾಗಿತ್ತು. ಯಂತ್ರ ಲಾರಿ ಏರಿತ್ತು.

“ಎಷ್ಟು ಸಿಕ್ತ್ರಿ ಎಣ್ಣಿ, ಮಾಸ್ತರ?” ಕಾಕಾ ಕೆಣಕುತ್ತಿದ್ದ.

“ಒಂದು ಪಣತಿಗೂ ಇಲ್ರಿ. ಇನ್ನ ಹುಡುಗರಿಗೆ ಬುಕ್ಕಿನಾಗಿಂದೇ ಕಲಸೂದು.”

ಆ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಅದನ್ನು ಕೇಳಿ ಆಕೆಗೆ ತಡೆಯಲಾಗಲಿಲ್ಲ.

“ಕಾಕಾ... ನೆಲಾ ನಡುಗಿದಾಗ ಮಶೀನ್ ಬಂದ್ ಇತ್ತು. ನಾ ನೋಡೀನಿ.”

ಕೂಲಿಯವರೆಲ್ಲ ತಿರುಗಿದರು. ಮಾಣಿಕಪ್ಪನ ಮುಖ ಕಪ್ಪಿಟ್ಟಿತು. “ಅಷ್ಟು ನಸಿಕಿನ್ಯಾಗ ನೀ ಇಲ್ಲಿ ಯಾಕ ಇದ್ದಿ?”

“ಬ್ಯಾಡ, ಪ್ರಾಜಕ್ತಾ,” ಎಂದ ಋಷಿಕೇಶ. “ಹೋದದ್ದು ಹೋತು. ನೀವಾದ್ರೂ ಉಳೀರಿ.”

“ನೀವು ಹೋದ ಮ್ಯಾಲ ಉಳದು ಏನ್ ಮಾಡ್ಲಿರಿ?”

ಆಕೆ ಕಾಕಾನ ಕಡೆಗೆ ತಿರುಗಿದಳು.

“ಇವರ ಬಾಜೂಕ ಕೂಡ್ಲಿಕ್ಕ ಬಂದಿದ್ದೆ, ಕಾಕಾ. ದಿನಾ ಬರತಿದ್ದೆ.”