ಮೂರನೆಯ ಬಾಟಲಿ

ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ಭಾವ ಅವನಿಗೊಂದು ಗ್ಲಾಸು ವೈನ್ ಕೊಟ್ಟವರಲ್ಲ. ನೆಲಮಾಳಿಗೆಯ ಹತ್ತೊಂಬತ್ತು ಮೆಟ್ಟಿಲು ಇಳಿದು ಬಾಟಲಿ ತರುವವನು ಅವನು. ತಳದ ಗಸಿ ಕದಡದಂತೆ ಬಿರಡೆ ತೆಗೆಯುವವನು ಅವನು. ಎಲ್ಲರೂ ಎದ್ದು ಹೋದ ಮೇಲೆ ಗ್ಲಾಸು ತೊಳೆದು ಒರೆಸಿಡುವವನೂ ಅವನೇ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಮನೆಯಲ್ಲಿ ಕೆಸರು ಅವನ ಕೈಗೆ, ಮೊಸರು ಭಾವನ ಗೆಳೆಯರ ಬಾಯಿಗೆ. ಅಕ್ಕ ಇದ್ದಾಗ ಅಡುಗೆಮನೆಯಲ್ಲಿ ನಿಲ್ಲಿಸಿ, "ಊಟ ಆಯ್ತೇನೋ?" ಎಂದಾದರೂ ಕೇಳುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಬರೀ ಸುಸ್ತು. ಆ ಸುಸ್ತಿನಲ್ಲೇ ಒಂದು ಭಾನುವಾರ ಮಧ್ಯಾಹ್ನ ಮೇಜಿನ ಪಕ್ಕ ನಿಂತಿದ್ದಾಗ, ಭಾವನ ಗೆಳೆಯರಾದ ನಿವೃತ್ತ ಜಡ್ಜು ಅವನತ್ತ ತಿರುಗಿ, "ನೀವೂ ಒಂದು ಗುಟುಕು ತಗೊಳ್ರಿ" ಎಂದರು.

"ಅವನಿಗ್ಯಾಕೆ?" ಎಂದು ಭಾವ ನಕ್ಕರು. "ಬಾಟಲಿ ಹೊರೋನಿಗೆ ರುಚಿ ಏನು ಗೊತ್ತಾಗುತ್ತೆ?"

ಇನ್ನೊಬ್ಬ ಗೆಳೆಯರಾದ ಡಾಕ್ಟರೂ ನಕ್ಕರು. ಅವನೂ ನಕ್ಕ. ಆಮೇಲೆ ಜಡ್ಜು ತಾವು ಮುಂದಿನ ತಿಂಗಳು ಊರು ಬಿಟ್ಟು ಮಗಳ ಮನೆ ಸೇರುವ ಸುದ್ದಿ ಹೇಳಿದರು. ಭಾವ ಡಾಕ್ಟರತ್ತ ನೋಡಿ, "ಹಾಗಾದ್ರೆ ಆ ದಿನ ಮೂರನೇದನ್ನ ತೆಗೆದೇಬಿಡೋಣ" ಎಂದರು.

ಮೂರನೆಯದೆಂದರೆ ಯಾವುದು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೂವರು ಗೆಳೆಯರೂ ಹರೆಯದಲ್ಲಿ ಒಂದೇ ದಿನ ಒಂದೇ ಅಂಗಡಿಯಲ್ಲಿ ತಲಾ ಒಂದರಂತೆ ಕೊಂಡ ಮೂರು ಬಾಟಲಿಗಳಲ್ಲಿ ಉಳಿದಿದ್ದ ಒಂದು ಅದು. ಮೇಲಿನ ಹಲಗೆಯಲ್ಲಿ ಕೆಂಪು ಅರಗು ಮುಚ್ಚಿಕೊಂಡು ಮಲಗಿತ್ತು. ಹಳೆಯ ವೈನ್ ಕೊಂಡು ಮಾರುವ ದಲ್ಲಾಳಿಯೊಬ್ಬ ಅದರ ವರ್ಷ ಕೇಳಿದ್ದೇ ಕುರ್ಚಿಯಿಂದ ಅರ್ಧ ಎದ್ದಿದ್ದ. ಆ ಒಂದು ಬಾಟಲಿ ಕೊಟ್ಟರೆ ಒಂದು ಪುಟ್ಟ ಮನೆ ಬರುತ್ತಿತ್ತು. ಕಿಟಕಿಯಿರುವ ಮನೆ, ಒಂದು ಮೆಟ್ಟಿಲೂ ಇಲ್ಲದ ಮನೆ.

ಅವನು ಅವಸರ ಮಾಡಲಿಲ್ಲ. ಅಂಥದ್ದೇ ಖಾಲಿ ಬಾಟಲಿ ಡಾಕ್ಟರ ಮನೆಯ ಹಿತ್ತಿಲ ಜಗಲಿಯಲ್ಲಿತ್ತು. ನೀರು ತುಂಬಿ ಬಳ್ಳಿಯೊಂದನ್ನು ಇಳಿಬಿಟ್ಟಿದ್ದರು. ಭಾವನ ಪುಸ್ತಕ ಹಿಂದಿರುಗಿಸಲು ಹೋದ ದಿನ ಅವನು ಬಳ್ಳಿಯನ್ನು ಬೇರೊಂದು ಹಸಿರು ಬಾಟಲಿಗೆ ಬದಲಿಸಿ, ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಬಂದ. ಬಳ್ಳಿಗೆ ವರ್ಷ ಯಾವುದಾದರೇನು? ಲೇಬಲ್ಲು ತೇವಕ್ಕೆ ಮಾಸಿದ್ದು ಇನ್ನೂ ಒಳ್ಳೆಯದೇ ಆಯಿತು. ಹಳೆಯ ಬಿರಡೆಗೆ ಅವನಲ್ಲಿ ಬರವಿರಲಿಲ್ಲ. ಅರಗಿಗೆ ಮಸಿ ಬೆರೆಸಿ, ಮೂರು ಸಲ ಕೆಡಿಸಿ, ನಾಲ್ಕನೆಯ ಸಲಕ್ಕೆ ಆ ಮಂಕು ಕೆಂಪು ಬಣ್ಣ ತಂದ. ದೂಳನ್ನು ಅದೇ ಹಲಗೆಯಿಂದ ಕುಂಚದಲ್ಲಿ ತೆಗೆದು ನಕಲಿ ಬಾಟಲಿಯ ಮೇಲೆ ಉದುರಿಸಿದ.

ಒಳಗೆ ತುಂಬುವುದೇ ನಿಜವಾದ ಕೆಲಸ. ಕಾರ್ಖಾನೆಯ ಅಗ್ಗದ ವೈನ್ ಸುರಿದರೆ ಮೊದಲ ಗುಟುಕಿಗೇ ಸಿಕ್ಕಿಬೀಳುತ್ತಿದ್ದ. ವರ್ಷಗಟ್ಟಲೆ ಅವರ ಬೆನ್ನ ಹಿಂದೆ ನಿಂತು ಕೇಳಿದ ಮಾತುಗಳೆಲ್ಲ ಈಗ ನೆರವಿಗೆ ಬಂದವು: ಒಣದ್ರಾಕ್ಷಿ, ಹೊಗೆಸೊಪ್ಪು, ಹಳೆಯ ಚರ್ಮ, ಮಳೆ ಬಿದ್ದ ಕಟ್ಟಿಗೆ. ಮೇಜಿನಿಂದ ಹಿಂದಿರುಗಿದ ಬಾಟಲಿಗಳ ತಳದಲ್ಲಿ ಉಳಿದ ಹನಿಗಳನ್ನು ಸೋಸಿ ಕೂಡಿಟ್ಟ. ಅದಕ್ಕೆ ಎರಡು ಬಗೆಯ ಸಾಧಾರಣ ವೈನ್ ಸೇರಿಸಿ, ತನ್ನ ಕೋಣೆಯ ಮಂಚದ ಮೇಲೆ ಕೂತು, ಚಮಚದಲ್ಲಿ ರುಚಿ ನೋಡಿ ಹದ ಮಾಡಿದ. ತನ್ನ ನಾಲಗೆ ಚೆನ್ನಾಗಿಯೇ ಇದೆ ಎಂದು ಐವತ್ತೆಂಟನೆಯ ವಯಸ್ಸಿನಲ್ಲಿ ಅವನಿಗೆ ಗೊತ್ತಾಯಿತು. ಅದರಿಂದ ಸಂತೋಷಕ್ಕಿಂತ ಹೆಚ್ಚಾಗಿ ಆಯಾಸವೇ ಆಯಿತು.

ಪರೀಕ್ಷೆಯನ್ನೂ ಮಾಡಿದ. ಮುಂದಿನ ಭಾನುವಾರ ಬೇರೆ ಹೆಸರಿನಲ್ಲಿ ಅದನ್ನೇ ಬಡಿಸಿದಾಗ ಡಾಕ್ಟರು ಕಣ್ಣು ಮುಚ್ಚಿ, "ಆಹಾ, ವಯಸ್ಸಾದ್ಮೇಲೆ ಹೀಗಿರಬೇಕು" ಎಂದರು.

ಬಾಟಲಿ ಬದಲಿಸುವುದಕ್ಕೆ ಎರಡು ನಿಮಿಷ ಸಾಕಾಯಿತು. ಅಸಲಿಯನ್ನು ಹಳೆಯ ಸ್ವೆಟರಿನಲ್ಲಿ ಸುತ್ತಿ ಗುರುವಾರ ದಲ್ಲಾಳಿಗೆ ಒಪ್ಪಿಸಿದ. ಪುಟ್ಟ ಮನೆಯ ಬೀಗದ ಕೈ ಶನಿವಾರ ಜೇಬಿಗೆ ಬಂತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಮಾತಿಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಅವನಿಗೆ ಹೊಳೆಯಲಿಲ್ಲ. ಕಳುವಿನ ಸಾಕ್ಷಿಯನ್ನು ಮೂವರು ದೊಡ್ಡ ಮನುಷ್ಯರು, ಅದರಲ್ಲೂ ಒಬ್ಬ ಜಡ್ಜು, ಕುಡಿದು ಮುಗಿಸುವವರಿದ್ದರು. ಖಾಲಿ ಬಾಟಲಿ ತೊಳೆಯುವವನು ತಾನೇ.

ಜಡ್ಜರನ್ನು ಬೀಳ್ಕೊಡುವ ಭಾನುವಾರ ಮಧ್ಯಾಹ್ನ ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಅವನು ಅರಗು ಕೆರೆದು, ಬಿರಡೆ ತೆಗೆದು, ಮೂರು ಗ್ಲಾಸಿಗೆ ಸುರಿದ. ಮೂವರೂ ಯಾಕೋ ಮೊದಲೇ ನಗುತ್ತಿದ್ದರು. ಜಡ್ಜು ಮುಖ ಕಿವುಚಿಕೊಂಡು ಒಂದು ಗುಟುಕು ತೆಗೆದುಕೊಂಡರು. ನಗು ನಿಂತಿತು. ಇನ್ನೊಂದು ಗುಟುಕು ಕುಡಿದರು.

"ಚೆನ್ನಾಗಿದೆ" ಎಂದರು ನಿಧಾನವಾಗಿ.

ಡಾಕ್ಟರೂ ಕುಡಿದರು. "ಹೌದು, ತುಂಬಾ ಚೆನ್ನಾಗಿದೆ."

ಅವನ ಎದೆ ಹಗುರಾಯಿತು. ನಾಳೆ ಈ ಹೊತ್ತಿಗೆ ತನ್ನದೇ ಕಿಟಕಿಯ ಪಕ್ಕ ಕಾಲು ಚಾಚಿ ಮಲಗಿರುತ್ತೇನೆ ಎಂದುಕೊಂಡ.

ಭಾವ ಕೊನೆಗೆ ರುಚಿ ನೋಡಿದರು. ಗ್ಲಾಸು ಕೆಳಗಿಟ್ಟು ಅವನತ್ತ ತಿರುಗಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಅವರಿಗೂ ದಣಿವಾಗಿತ್ತು. "ನೀನು ಟೈಫಾಯ್ಡ್ ಬಂದು ಆಸ್ಪತ್ರೇಲಿದ್ದೆಯಲ್ಲ, ಆ ವಾರ ನಾವು ಮೂರೂ ಬಾಟಲೀನ ಒಟ್ಟಿಗೇ ತೆಗೆದು ನೋಡಿದ್ವಿ. ಮೂರೂ ಕೆಟ್ಟು ಹುಳಿಯಾಗಿದ್ವು, ಬಾಯಿಗಿಡೋ ಹಾಗಿರಲಿಲ್ಲ. ಇವರಿಬ್ಬರೂ ತಮ್ಮದನ್ನ ಬಚ್ಚಲಿಗೆ ಸುರಿದ್ರು. ನಿಮ್ಮಕ್ಕ ನಕ್ಕೂ ನಕ್ಕೂ ಸುಸ್ತಾಗಿ, ನಮ್ಮದಕ್ಕೆ ತಾನೇ ಮತ್ತೆ ಬಿರಡೆ ಜಡಿದು ಅರಗು ಹಾಕಿ ಎತ್ತಿಟ್ಟಳು. ನಿಮ್ಮಲ್ಲಿ ಯಾರು ಮೊದಲು ಊರು ಬಿಡ್ತಾರೋ ಅವರಿಗೆ ಈ ಹುಳೀನೇ ಕುಡಿಸಿ ಕಳಿಸೋದು ಅಂತ." ಜಡ್ಜು ಗ್ಲಾಸಿನಿಂದ ಕಣ್ಣೆತ್ತಿ ಅವನನ್ನು ನೋಡಿದರು. ಭಾವ ಮೆಲ್ಲಗೆ ಕೇಳಿದರು: "ಅದನ್ನ ಯಾರಿಗೆ ಕೊಟ್ಟೆ? ಅವರಿನ್ನೂ ಕುಡಿದಿಲ್ಲ ತಾನೆ?"