ನೊಣಗಳ ಅಡುಗೆಗೆ ಬಂದ ಅಪವಾದ

"ನಿಮ್ಮ ಅಡುಗೆ ನನ್ನ ಮರಿಹುಳುಗಳನ್ನೆಲ್ಲ ಸಾಯಿಸ್ಬಿಡ್ತು!"

ಬೆಳಗ್ಗೆ ಬೆಳಗ್ಗೆಯೇ ಅಡುಗೆಕೋಣೆಯ ಬಾಗಿಲಲ್ಲಿ ಗುಡುಗಿದವಳು ಲ್ಯಾಬಿನ ಸಂಶೋಧಕಿ. ಒಳಗೆ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಸುತ್ತಿದ್ದವನು ಹೊಸಬ. ಹಣ್ಣುನೊಣಗಳಿಗೆ ಅಡುಗೆ ಮಾಡುವುದೇ ಅವನ ಕೆಲಸ. ಎರಡೇ ವಾರದಲ್ಲಿ 'ಸೌಟು ಸಾಹೇಬ' ಎಂಬ ಬಿರುದೂ ಸಿಕ್ಕಿತ್ತು.

"ಸಕ್ಕರೆ ಕಮ್ಮಿಯಾಯ್ತು ಅಂತ ಏನಾದ್ರೂ ದೂರು ಕೊಟ್ವಾ ಮೇಡಂ?"

ಇವನಿಗೆ ತಮಾಷೆ ಬೇರೆ! ಅವಳ ಪಿತ್ತ ನೆತ್ತಿಗೇರಿತು.

ಏರದೆ ಇರುತ್ತದೆಯೇ? ಒಂದೇ ಒಂದು ಜೀನ್ ಕತ್ತರಿಸಿ, ಅದಿಲ್ಲದ ನೊಣ ಹೇಗೆ ಬೆಳೆಯುತ್ತದೆಂದು ನೋಡಲು ಅವಳು ವರ್ಷವಿಡೀ ಕಣ್ಣು ಕೀಲಿಸಿ ಕೂತಿದ್ದಳು. ರೆಕ್ಕೆ ಮೂಡುವ ಮುನ್ನ ಕೋಶ ಕಟ್ಟುವ ಹೊತ್ತಿಗೆ ಒಂದು ಮರಿಯೂ ಉಳಿಯಲಿಲ್ಲ! ಹೋಲಿಕೆಗೆಂದು ಇಟ್ಟ ಮಾಮೂಲಿ ನೊಣಗಳು ಮಾತ್ರ ಗುಂಡುಕಲ್ಲಿನ ಹಾಗಿದ್ದವು. ಅವು ತಿಂದದ್ದು ಹಿಂದಿನ ವಾರದ ಅಡುಗೆ, ಸತ್ತವು ತಿಂದದ್ದು ಆಮೇಲಿನ ಪಾತ್ರೆಯದು. ಇನ್ನೆಂಥ ಸಾಕ್ಷಿ ಬೇಕು?

ಲ್ಯಾಬಿನ ಮುಖ್ಯಸ್ಥೆ 'ದೊಡ್ಡ ಮೇಡಂ'ಗೆ ದೂರು ಬರೆದೇಬಿಟ್ಟಳು.

ಬರೆದ ಮೇಲೆ ಶುರುವಾಯಿತು ಸಂಕಟ. ಪಾಪ, ಕೆಲಸದಿಂದ ತೆಗೆದುಬಿಟ್ಟರೆ? ಬೈದಾಗಲೂ ಆ ಕಣ್ಣುಗಳು ನಗುತ್ತಿದ್ದವಲ್ಲ... ಛೇ, ನನಗೇಕೆ ಆ ಕಣ್ಣಿನ ಉಸಾಬರಿ!

ಹನ್ನೆರಡನೆಯ ದಿನ ಅವನು ನಾಲ್ಕು ಗಾಜಿನ ನಳಿಕೆ ತಂದು ಅವಳ ಮೇಜಿನ ಮೇಲಿಟ್ಟ. ಒಳಗೆ ನೊಣಗಳು ಗಿಜಿಗುಡುತ್ತಿದ್ದವು.

"ನಿಮ್ಮ ಮರಿಗಳು ತಿಂದ ಅದೇ ಪಾತ್ರೆಯ ಅಡುಗೆ. ನಿಮ್ಮ ವರ್ಷದ ದುಡಿಮೆ ಹಾಳಾಗ್ಬಾರ್ದು ಅಂತ ದೊಡ್ಡ ಮೇಡಂ ಹತ್ರ ಮಾಮೂಲಿ ನೊಣ ಇಸ್ಕೊಂಡು ಸಾಕಿದೆ. ಮೊಟ್ಟೆ ಇಟ್ವು, ಮರಿ ಆದ್ವು, ನೋಡಿ, ರೆಕ್ಕೆನೂ ಬಂತು."

ಅವಳು ಒಂದು ನಳಿಕೆ ಎತ್ತಿ ಬೆಳಕಿಗೆ ಹಿಡಿದಳು. ಅಡುಗೆ ಸರಿಯಿದ್ದರೆ, ಮರಿಗಳು ಸತ್ತದ್ದು...

"ಅಯ್ಯೋ ದೇವರೇ! ಆ ಜೀನ್ ಇಲ್ದೆ ಅವು ಬದುಕೋದೇ ಇಲ್ಲ! ನಾನು ಹುಡುಕ್ತಿದ್ದ ಉತ್ತರ ಇದೇ ಕಣ್ರೀ!"

ಕುಣಿದೇಬಿಟ್ಟಳು. ಮರುಕ್ಷಣ ಮುಖ ಸಪ್ಪಗಾಯಿತು.

"ನಾನು ದುಡುಕಿದೆ. ತಪ್ಪು ನಂದೇ ಅಂತ ಎಲ್ಲರ ಮುಂದೆ ಹೇಳ್ತೀನಿ. ನೀವು ಮಾತ್ರ ಹೋಗ್ಬೇಡಿ..."

"ದೊಡ್ಡ ಮೇಡಮ್ಮೂ ಕೇಳಿದ್ರು, ಅಷ್ಟು ಬೈಸ್ಕೊಂಡೂ ಅವಳಿಗೋಸ್ಕರ ಯಾಕಪ್ಪಾ ಒದ್ದಾಡ್ತೀಯ ಅಂತ."

"ಏನಂದ್ರಿ?"

"ಬೈಸ್ಕೊಂಡ ದಿನದಿಂದ್ಲೇ ಇಷ್ಟ ಆಗ್ಬಿಟ್ರು, ಏನ್ಮಾಡ್ಲಿ ಅಂದೆ."

"ಅವರಿಗೇ ಮೊದ್ಲು ಹೇಳಿದ್ರಾ?"

"ನಿಮಗೆ ಹೇಳೋಕೆ ಧೈರ್ಯ ಬೇಕಲ್ಲ!"

ಹಿಟ್ಟು ಮೆತ್ತಿದ ಅವನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ನಡೀರಿ, ದೂರು ವಾಪಸ್ ತಗೋಬೇಕು. ನನಗೂ ನೀವಂದ್ರೆ ಪ್ರಾಣ ಅಂತ ಅವರಿಗೇ ಮೊದ್ಲು ಹೇಳ್ತೀನಿ!"

"ಮತ್ತೆ ನಂಗೆ?"

"ಕೇಳಿಸ್ಕೊಂಡ್ರಲ್ಲ!"